ಪುಕ್ಕಲು ಕೈ

ಸಂಜೆ ಏಳೂವರೆಗೆ ನಮ್ಮನೆ ಬಚ್ಚಲಿನಿಂದ ಗುಂಯ್ ಎಂಬ ಸದ್ದು ಬಂದರೆ ಈಗ ಯಾರೂ ತಲೆ ಎತ್ತುವುದಿಲ್ಲ. ಮೊದಲನೇ ದಿನ ಹಾಗಿರಲಿಲ್ಲ. ಟೀವಿ ಮುಂದಿದ್ದ ನಮ್ಮ ಯಜಮಾನರು ಎದ್ದು ಬಂದು ಬಾಗಿಲು ಬಡಿದು, "ಗೀಸರ್ ಏನಾದ್ರೂ ಸುಟ್ಟುಹೋಗ್ತಿದ್ಯೇನೇ? ಮೇನ್ ಆಫ್ ಮಾಡ್ಲಾ?" ಎಂದು ಕೂಗಿದ್ದರು. ಒಳಗೆ ನಾನು ಸ್ಟೂಲಿನ ಮೇಲೆ ಒಂದು ಕಾಲಿಟ್ಟುಕೊಂಡು, ಹಲ್ಲು ಕಚ್ಚಿ, ಕಣ್ಣಲ್ಲಿ ನೀರು ತುಂಬಿಕೊಂಡು ನಿಂತಿದ್ದೆ. "ಏನಿಲ್ಲ" ಎಂದೆ. ಆ 'ಏನಿಲ್ಲ' ಹೊರಟದ್ದು ಮೂಗಿನಿಂದ.

ಯಂತ್ರ ನನ್ನದಲ್ಲ, ಮಗಳದು. ಎರಡು ಸಾವಿರ ಚಿಲ್ಲರೆ ಕೊಟ್ಟು ತರಿಸಿಕೊಂಡು, ಒಂದು ಮೀನಖಂಡದ ಅರ್ಧ ಮುಗಿಸಿ, ಡಬ್ಬಿಗೆ ಹಾಕಿ ನನ್ನ ಕೈಗಿಟ್ಟಳು. "ಅಮ್ಮ, ಇದು ನನ್ ಕೈಲಾಗಲ್ಲ. ಎರಡು ಹೆರಿಗೆ ತಡ್ಕೊಂಡಿದ್ದೀಯ, ನಿಂಗಿದೆಲ್ಲ ಯಾವ ಲೆಕ್ಕ" ಎಂದಳು. ಈಗಿನ ಮಕ್ಕಳಿಗೆ ಹೆರಿಗೆ ಅಂದರೆ ಒಂದು ಡಿಗ್ರಿ ಸರ್ಟಿಫಿಕೇಟು. ಅದೊಂದಿದ್ದರೆ ಯಾವ ನೋವಿನ ಕೆಲಸಕ್ಕೂ ಅರ್ಜಿ ಹಾಕಬಹುದು. ಆದರೆ ಹೆರಿಗೆ ನೋವು ಬೇಡವೆಂದರೂ ಬಂದೇ ಬರುತ್ತದೆ. ಇದನ್ನು ನಾವೇ ಸ್ವಿಚ್ಚು ಒತ್ತಿ ಕರೆಯಬೇಕು.

ನೋಡಲು ಪಾಪದ್ದೇ. ಹಳೇ ಕಾಲದ ದೊಡ್ಡ ಸೋಪಿನಷ್ಟು ಗಾತ್ರ, ತಿಳಿ ಗುಲಾಬಿ ಬಣ್ಣ. ತಲೆಯ ಮೇಲೊಂದು ಪುಟ್ಟ ಉರುಳೆ. ಕನ್ನಡಕ ಹಾಕಿಕೊಂಡು ದೀಪದ ಕೆಳಗೆ ಹಿಡಿದರೆ ಅದರ ಗುಟ್ಟು ಕಾಣುತ್ತದೆ. ಸಾಲಾಗಿ ತಗಡಿನ ಬಿಲ್ಲೆಗಳು, ಒಂದಕ್ಕೊಂದು ಆತುಕೊಂಡೂ ಆತುಕೊಳ್ಳದೆ ನಿಂತಿರುತ್ತವೆ. ಉರುಳೆ ತಿರುಗಿದಂತೆ ಎರಡೆರಡು ಬಿಲ್ಲೆ ಏಡಿಯ ಕೊಂಡಿಯ ಹಾಗೆ ಬಾಯಿ ಮುಚ್ಚಿ ಕೂದಲು ಕಚ್ಚುತ್ತವೆ, ಕಚ್ಚಿದ್ದನ್ನು ಬುಡಸಮೇತ ಕಿತ್ತು ಆಚೆ ಬಿಡುತ್ತವೆ. ರೇಜರಿನ ಹಾಗೆ ಕತ್ತರಿಸುವ ಮಾತೇ ಇಲ್ಲ. ಹತ್ತಾರು ಚಿಮಟಗಳನ್ನು ಒಂದು ಚಕ್ರಕ್ಕೆ ಕಟ್ಟಿ, ಮೋಟಾರು ಕೂರಿಸಿದರೆ ಏನಾಗುತ್ತದೋ ಅದೇ ಇದು.

ಇದರ ಮೂಲಪುರುಷ ಹುಟ್ಟಿದ್ದು ಇಸ್ರೇಲಿನ ಉತ್ತರದಲ್ಲಿರುವ ಹಗೋಶ್ರಿಮ್ ಎಂಬ ಕಿಬ್ಬುತ್ಸಿನಲ್ಲಿ, 1986ರಲ್ಲಿ. ಕಿಬ್ಬುತ್ಸು ಎಂದರೆ ಎಲ್ಲರೂ ಕೂಡಿ ದುಡಿದು ಕೂಡಿ ಉಣ್ಣುವ ಊರು. ಅಂಥ ಊರಿನವರು ಮಾಡಿದ ಎಪಿಲೇಡಿ ಎಂಬ ಆ ಯಂತ್ರದಲ್ಲಿ ಬಿಲ್ಲೆಗಳಿರಲಿಲ್ಲ, ಒಂದು ಉಕ್ಕಿನ ಸ್ಪ್ರಿಂಗ್ ಇತ್ತು. ಬಾಲ್‌ಪೆನ್ನಿನ ಸ್ಪ್ರಿಂಗನ್ನು ಬಿಲ್ಲಿನಂತೆ ಬಗ್ಗಿಸಿ ನೋಡಿ, ಹೊರಬದಿಯ ಸುತ್ತುಗಳು ಬಾಯಿ ಬಿಡುತ್ತವೆ, ಒಳಬದಿಯವು ಮುಚ್ಚಿಕೊಳ್ಳುತ್ತವೆ. ಅದನ್ನೇ ಗರಗರ ತಿರುಗಿಸಿದರೆ ಬಿಟ್ಟ ಬಾಯಿಗೆ ಸಿಕ್ಕಿದ ಕೂದಲು ಮುಚ್ಚಿದ ಬಾಯಲ್ಲಿ ಕಿತ್ತು ಬರುತ್ತದೆ. ಆಮೇಲೆ ರೆಮಿಂಗ್ಟನ್ ಕಂಪನಿಯವರು ಸ್ಪ್ರಿಂಗಿನ ಬದಲು ಸೀಳು ಬಿಟ್ಟ ರಬ್ಬರ್ ಕಡ್ಡಿ ಹಾಕಿ ಇಂಥದೇ ಒಂದು ಯಂತ್ರ ತಂದರು. ರಬ್ಬರ್ ಕಡ್ಡಿಯನ್ನು ಸ್ಪ್ರಿಂಗ್ ಎನ್ನಬಹುದೇ? ಇಂಗ್ಲೆಂಡಿನ ನ್ಯಾಯಾಲಯ ಆಗದು ಎಂದಿತು, ಜರ್ಮನಿಯ ನ್ಯಾಯಾಲಯ ಆಗುತ್ತದೆ ಎಂದಿತು. ಪೇಟೆಂಟ್ ಕಾನೂನು ಓದುವವರು ಈ ಮೊಕದ್ದಮೆಯನ್ನು ಇಂದಿಗೂ ಓದುತ್ತಾರೆ. ಹೆಂಗಸರ ಕಾಲಿನ ಕೂದಲಿಗಾಗಿ ಎರಡು ದೇಶದ ಜಡ್ಜುಗಳು ಎಳೆ ಎಳೆಯಾಗಿ ವಿಚಾರಣೆ ನಡೆಸಿದ್ದಾರೆ ಎಂದು ತಿಳಿದ ಮೇಲೆ ಬಚ್ಚಲಲ್ಲಿ ನನಗೊಂದು ಘನತೆ ಬಂದಿದೆ.

ನೋವು ನನಗೆ ಹೊಸದಲ್ಲ. ಇಪ್ಪತ್ತು ವರ್ಷ ಪಾರ್ಲರಿಗೆ ಹೋಗಿ ವ್ಯಾಕ್ಸ್ ಮಾಡಿಸಿಕೊಂಡವಳು ನಾನು. ಆದರೆ ಅಲ್ಲಿ ನೋವು ಕೊಡಲಿಕ್ಕೆ ಒಬ್ಬರಿರುತ್ತಾರೆ. ನಮ್ಮ ಪಾರ್ಲರಿನಾಕೆ ಬಿಸಿ ವ್ಯಾಕ್ಸ್ ಸವರಿ, ಬಟ್ಟೆಪಟ್ಟಿ ಒತ್ತಿ, "ಮೇಡಂ, ಮಗಳು ಯಾವ ಕಾಲೇಜು?" ಎನ್ನುತ್ತಿದ್ದಳು. ನಾನು "ಮಹಾರಾ..." ಎನ್ನುವಷ್ಟರಲ್ಲಿ ಸರ್ರ್! ಎಳೆದ ಮರುಗಳಿಗೆಗೇ ಅಂಗೈಯಿಂದ ಆ ಜಾಗ ಅದುಮಿ ಹಿಡಿಯುತ್ತಿದ್ದಳು. ಆ ಅದುಮುವುದರಲ್ಲೇ ಅರ್ಧ ನೋವು ಇಳಿಯುತ್ತಿತ್ತು. ಇಪ್ಪತ್ತು ವರ್ಷದಲ್ಲಿ ಆಕೆಗೆ ನಾನು ಒಂದು ಪ್ರಶ್ನೆಗೂ ಪೂರ್ತಿ ಉತ್ತರ ಕೊಟ್ಟಿಲ್ಲ.

ಮನೆಯಲ್ಲಿ ಹಾಗಲ್ಲ. ಎಳೆಯುವವಳೂ ನಾನೇ, ಎಳೆಸಿಕೊಳ್ಳುವವಳೂ ನಾನೇ. ನನ್ನ ಕೈಯಷ್ಟು ಪುಕ್ಕಲು ಕೈ ಈ ಮೈಸೂರಿನಲ್ಲೇ ಇಲ್ಲವೆಂದು ಗೊತ್ತಾದದ್ದು ಆಗ. ಚರ್ಮದ ಹತ್ತಿರ ಹೋಗುತ್ತದೆ, ಸದ್ದಿಗೇ ಹೆದರಿ ಹಿಂದೆ ಬರುತ್ತದೆ. ಒಂದು ಸಲ ಚುರ್ ಎಂದರೆ ಯಂತ್ರ ಆಫ್ ಮಾಡಿ, ಬಲ್ಬು ನೋಡಿ, ನಲ್ಲಿ ಸರಿಯಾಗಿ ನಿಂತಿದೆಯೇ ಎಂದು ಪರೀಕ್ಷಿಸಿ, ಮತ್ತೆ ಹತ್ತಿರ ಹೋಗುತ್ತದೆ. ದಿನವೂ ಒಗ್ಗರಣೆಯ ಸಿಡಿತ ತಿಂದು ಜಪ್ಪಯ್ಯ ಎನ್ನದ ಕೈ ಇದೇ.

ಶ್ರವಣಬೆಳಗೊಳ ನೆನಪಾದದ್ದು ಇಂಥದೇ ಒಂದು ಹೊತ್ತಿನಲ್ಲಿ. ದಿಗಂಬರ ಮುನಿಗಳು ಎರಡರಿಂದ ನಾಲ್ಕು ತಿಂಗಳಿಗೊಮ್ಮೆ ಕೇಶಲೋಚ ಮಾಡಿಕೊಳ್ಳುತ್ತಾರೆ. ತಲೆಯದು, ಗಡ್ಡದ್ದು, ಮೀಸೆಯದು, ಎಲ್ಲ ಕೂದಲನ್ನೂ ಕೈಯಿಂದಲೇ ಕೀಳುವುದು. ಕತ್ತರಿಯಿಲ್ಲ, ಕ್ಷೌರದ ಕತ್ತಿಯಿಲ್ಲ. ಬೆರಳು ಜಾರದಿರಲೆಂದು ಬೂದಿ ಹಚ್ಚಿಕೊಳ್ಳುತ್ತಾರೆ. ನನ್ನದನ್ನು ಅದರ ಪಕ್ಕ ಇಡುವುದು ಅಧಿಕಪ್ರಸಂಗವೇ ಸರಿ. ಅವರದು ದೇಹದ ಮೋಹ ಕಳಚುವ ದಾರಿ, ನಾನು ನಿಂತಿರುವುದು ಅದೇ ಮೋಹದ ಸ್ಟೂಲಿನ ಪಕ್ಕ. ಆದರೆ ಬೂದಿಯ ವಿಷಯ ಕೇಳಿದ್ದು ಉಪಕಾರಕ್ಕೆ ಬಂತು. ಬೆವರಿನ ಪಸೆ ಇದ್ದರೆ ಬಿಲ್ಲೆಗಳಿಗೂ ಕೂದಲು ಜಾರುತ್ತದೆ. ಅಂದಿನಿಂದ ಕಾಲಿಗೆ ಒಂದಿಷ್ಟು ಟಾಲ್ಕಂ ಪೌಡರು ಸವರಿಕೊಳ್ಳುತ್ತೇನೆ.

ಉಳಿದ ಪಾಠಗಳನ್ನು ಕಲಿಸಿದ್ದು ತಪ್ಪುಗಳು. ಮೊದಲ ಸಲ ಕೂದಲು ಉದ್ದ ಬಿಟ್ಟುಕೊಂಡು ಹೋಗಿ, ಒಂದೊಂದಕ್ಕೂ ದೇವರನ್ನು ಕರೆದೆ. ಎರಡರಿಂದ ಐದು ಮಿಲಿಮೀಟರ್ ಇದ್ದರೆ ಯಂತ್ರಕ್ಕೂ ಸುಲಭ, ನಮಗೂ ಸಲೀಸು. ಬಿಸಿನೀರಿನ ಸ್ನಾನವಾದ ಮೇಲೆ ಕಾಲು ಚೆನ್ನಾಗಿ ಒರೆಸಿ, ಒಂದು ಕೈಯಲ್ಲಿ ಚರ್ಮ ಬಿಗಿಯಾಗಿ ಎಳೆದು ಹಿಡಿದು, ಯಂತ್ರವನ್ನು ನೆಟ್ಟಗೆ ನಿಲ್ಲಿಸಿ, ಕೂದಲು ಬೆಳೆದ ದಿಕ್ಕಿಗೆ ಎದುರಾಗಿ ನಿಧಾನ ಸರಿಸಬೇಕು. ಬೇಗ ಮುಗಿಯಲೆಂದು ಇಸ್ತ್ರಿ ಪೆಟ್ಟಿಗೆಯ ಹಾಗೆ ಎಳೆದಾಡಿದರೆ ಕೂದಲು ಬುಡದಿಂದ ಬರದೆ ನಡುವೆ ತುಂಡಾಗುತ್ತದೆ. ತುಂಡಾದದ್ದು ಮತ್ತೆ ಬೆಳೆಯುವಾಗ ಹೊರದಾರಿ ಸಿಗದೆ ಚರ್ಮದೊಳಗೇ ಸುರುಳಿ ಸುತ್ತಿ, ರಾಗಿಕಾಳಿನಂಥ ಕೆಂಪು ಗುಳ್ಳೆಗಳಾಗುತ್ತದೆ. ನನಗೆ ಮೊಣಕಾಲ ಹಿಂದೆ ಹದಿನೈದು ದಿನ ಇದ್ದವು. ಈಗ ವಾರಕ್ಕೆರಡು ಸಲ ಒರಟು ಬಟ್ಟೆಯಲ್ಲಿ ತಿಕ್ಕಿ ತೊಳೆಯುತ್ತೇನೆ. ರಾತ್ರಿ ಮಾಡಿಕೊಂಡರೆ ಕೆಂಪು ಬೆಳಗಿನೊಳಗೆ ಇಳಿದಿರುತ್ತದೆ, ಕುಂಡದಲ್ಲಿರುವ ಲೋಳೆಸರ ಆ ಹೊತ್ತಿಗೇ ಸಾರ್ಥಕ. ಕಂಕುಳಿನ ಸುದ್ದಿಗೆ ಹೋಗಲಿಲ್ಲ. ಹೋದವರ ಬಗ್ಗೆ ಗೌರವವಿದೆ.

ಎಲ್ಲ ಮುಗಿಸಿ ನುಣ್ಣಗಾದ ಕಾಲು ಸವರಿಕೊಂಡು ಮಲಗಿದರೆ, ನಾಲ್ಕೇ ದಿನಕ್ಕೆ ಅಲ್ಲೊಂದು ಇಲ್ಲೊಂದು ಮೊಳಕೆ. ಮೋಸಹೋದೆ ಎಂದುಕೊಂಡಿದ್ದೆ. ಕಿತ್ತ ಕೂದಲು ಮತ್ತೆ ತಲೆ ಹಾಕಲು ವಾರಗಟ್ಟಲೆ ಬೇಕು. ಇವು ಅವಲ್ಲ, ಆ ದಿನ ಚರ್ಮದಡಿ ಅಡಗಿದ್ದವು. ಮೈಮೇಲಿನ ಕೂದಲು ಒಂದೇ ದಿನ ಬಿತ್ತಿದ ಪೈರಲ್ಲ. ಕೆಲವು ಬೆಳೆಯುತ್ತಿರುತ್ತವೆ, ಕೆಲವು ಉದುರಲು ಸಿದ್ಧವಾಗಿರುತ್ತವೆ, ಕೆಲವು ಹಾಗೇ ನಿದ್ದೆಯಲ್ಲಿರುತ್ತವೆ. ಎರಡು ಮೂರು ಸುತ್ತು ಬೆನ್ನು ಹತ್ತಿದ ಮೇಲೇ ಎಲ್ಲ ಒಂದು ಹತೋಟಿಗೆ ಬರುವುದು.

"ಬ್ಲೇಡು ಹಾಕಿದ್ರೆ ದಪ್ಪಗೆ ಬರುತ್ತೆ ಕಣೇ, ಕೀಳೋದೇ ಸರಿ" ಎನ್ನುವುದು ನಮ್ಮತ್ತೆಯ ವಾದ. ಮಗುವಿನ ತಲೆ ಬೋಳಿಸಿದರೆ ದಟ್ಟವಾಗಿ ಬರುತ್ತದೆಂದು ನಂಬಿದ ಮನೆಗಳಲ್ಲಿ ಬೇರೆ ಮಾತು ನಡೆಯದು. 1928ರಲ್ಲೇ ಮಿಲ್ಡ್ರೆಡ್ ಟ್ರಾಟರ್ ಎಂಬ ಅಮೆರಿಕದ ವಿಜ್ಞಾನಿ ಗಂಡಸರ ಗಡ್ಡ ಬೋಳಿಸಿ ಅಳೆದು ನೋಡಿ, ಬೋಳಿಸಿದ್ದರಿಂದ ಕೂದಲು ದಪ್ಪವಾಗುವುದಿಲ್ಲ ಎಂದು ಬರೆದಿಟ್ಟಿದ್ದಾರೆ. ಕತ್ತರಿಸಿದ ತುದಿ ಮೊಂಡಾಗಿ ಕೈಗೆ ಒರಟು ಹತ್ತುತ್ತದೆ, ಅಷ್ಟೇ. ಇದನ್ನು ಅತ್ತೆಗೆ ಹೇಳಿದೆ. "ಗಡ್ಡದ್ ಲೆಕ್ಕ ಕಾಲಿಗ್ ಬರುತ್ತೇನೇ?" ಎಂದರು.

ಯಾರಿಗಾಗಿ ಇದೆಲ್ಲ ಎಂದು ಕೇಳಿದವರೂ ಅವರೇ. "ಪಾದದವರೆಗೆ ಸೀರೆ ಉಡ್ತೀಯ. ನಿನ್ ಕಾಲು ಯಾರು ನೋಡ್ಬೇಕು?" ನ್ಯಾಯವಾದ ಪ್ರಶ್ನೆ. ಹಳಗನ್ನಡದಲ್ಲಿ ನವಿರು ಎಂದರೆ ಕೂದಲು. ಮೈನವಿರೇಳುವುದು ಎಂಬ ಮಾತಿನಲ್ಲಿ ಅದು ಇನ್ನೂ ಉಳಿದಿದೆ. ಕೂದಲಿನ ಹೆಸರನ್ನೇ ನಾವು ನಾಜೂಕಿಗೂ ಇಟ್ಟವರು. ಆ ಭಾಷೆಯಲ್ಲೇ ಬೆಳೆದು ನವಿರಾಗಲಿಕ್ಕೆ ನವಿರು ಕೀಳುತ್ತಿದ್ದೇನೆ. ಅತ್ತೆಗೆ ಉತ್ತರ ಕೊಡಲಿಲ್ಲ. ತೊಳೆದ ಹತ್ತಿ ಲಂಗ ಬರಿಗಾಲಿಗೆ ತಣ್ಣಗೆ ತಾಗುವ ಸುಖವನ್ನು ಎಂಬತ್ತೆರಡರ ಅವರಿಗೆ ಹೇಗೆ ಹೇಳಲಿ!

ಹೋದ ತಿಂಗಳು ಒಂದು ಮಧ್ಯಾಹ್ನ, ಯಜಮಾನರು ಬ್ಯಾಂಕಿಗೆ ಹೋಗಿದ್ದಾಗ, ಅತ್ತೆ ಕೋಣೆಯಿಂದ ಸಣ್ಣ ದನಿಯಲ್ಲಿ ಕರೆದರು. ಕಿಟಕಿಯ ಬೆಳಕಿಗೆ ಮುಖ ಒಡ್ಡಿ ಕೂತಿದ್ದರು. ಗಲ್ಲ ಮುಟ್ಟಿ ತೋರಿಸಿದರು. ಮೂರು ಕೂದಲು, ತೆಂಗಿನ ನಾರಿನ ಹಾಗೆ ಬಿರುಸಾದವು, ಬೆಳ್ಳಗೆ. "ಮೊದ್ಲೆಲ್ಲ ನಾನೇ ತಕ್ಕೋತಿದ್ದೆ. ಈಗ ಕಣ್ಣು ಕಾಣಲ್ಲ. ನಿನ್ ಮಿಷನ್ ತರ್ತೀಯೇನು?"

ಅಂದರೆ ಇಷ್ಟು ವರ್ಷ! ನಾನು ಅವರ ಮುಖವನ್ನು ದಿನವೂ ನೋಡುತ್ತಿದ್ದೆ.

"ಅದು ಬೇಡ ಅತ್ತೆ, ನಿಮ್ ಚರ್ಮ ಸಡಿಲ ಇದೆ, ಕಚ್ಚಿಬಿಡುತ್ತೆ" ಎಂದೆ. ಅವರು ದಿಂಬಿನಡಿ ಕೈಹಾಕಿ ಎಲೆಅಡಿಕೆ ಸಂಚಿ ತೆಗೆದರು. ಒಂದೇ ಬಳೆಗೆ ಪೋಣಿಸಿದ ಕಿವಿಗುಗ್ಗೆ ಕಡ್ಡಿ, ಮುಳ್ಳು ತೆಗೆಯುವ ಚಿಮಟ. ಹಿತ್ತಾಳೆ ಸವೆದು ತುದಿ ಹೊಳೆಯುತ್ತಿತ್ತು. ಎಡಗೈಯಿಂದ ಗಲ್ಲ ಬಿಗಿ ಹಿಡಿದು ಚಿಮಟ ಹತ್ತಿರ ತಂದೆ. ಅವರು ಕಣ್ಣು ಮುಚ್ಚಿಕೊಂಡರು.

"ಅತ್ತೆ, ನಿಮ್ ಮದುವೆ ಯಾವ ಛತ್ರದಲ್ಲಾಯ್ತು?"

"ಛತ್ರ ಎಲ್ ಬಂತು, ಮನೆ ಮುಂದೇ ಚಪ್ಪ..."

ಎಳೆದು, ಹೆಬ್ಬೆರಳಿನಿಂದ ಅದುಮಿ ಹಿಡಿದೆ. ಕೈ ಒಂಚೂರೂ ನಡುಗಲಿಲ್ಲ.