ಆಲ್ಟರ್ ಸಿಸ್ಟಂ ಯಾರ ಕೈಗೆ?

ನಾನು ಬೆಂಗಳೂರಿನಲ್ಲಿ ಡಿಬಿಎ ಕೆಲಸಕ್ಕೆ ಸೇರಿದಾಗ ಒರಾಕಲ್‌ನಲ್ಲಿ ಪ್ರತಿ ಡೇಟಾಬೇಸ್‌ಗೂ ಅದರದೇ ಇನ್‌ಸ್ಟನ್ಸ್ ಇರುತ್ತಿತ್ತು. ಯಾರಾದರೂ ಪ್ಯಾರಾಮೀಟರ್ ಬದಲಿಸಿ ಎಡವಟ್ಟು ಮಾಡಿಕೊಂಡರೆ ಸಾಮಾನ್ಯವಾಗಿ ಕೆಡುತ್ತಿದ್ದದ್ದು ಅವರದ್ದಷ್ಟೇ. 2013ರಲ್ಲಿ 12ಸಿ ಬಂತು. ಒಂದು ಕಂಟೇನರ್‌ನೊಳಗೆ ಹಲವು ಪ್ಲಗಬಲ್ ಡೇಟಾಬೇಸ್‌ಗಳು, ಅಂದರೆ ಪಿಡಿಬಿಗಳು. ಮೊದಲ ಆವೃತ್ತಿಯಲ್ಲೇ 252ರವರೆಗೆ. ಮೆಮೊರಿ, ರೀಡೂ ಲಾಗ್ ಎಲ್ಲವೂ ಹಂಚಿಕೆ. ಸರ್ವರ್‌ಗಳೂ ಪ್ಯಾಚ್ ಹಾಕುವ ರಾತ್ರಿಗಳೂ ಕಡಿಮೆಯಾದವು. ವಠಾರದ ತಾಪತ್ರಯಗಳು ಮಾತ್ರ ಜೊತೆಗೇ ಬಂದವು.

ಒಂದು ಸಂಜೆ ಬಾಡಿಗೆದಾರ ತಂಡವೊಂದು ತನ್ನ ಪಿಡಿಬಿಯಲ್ಲಿ ಕರ್ಸರ್ ಶೇರಿಂಗ್ ಅನ್ನು ಫೋರ್ಸ್‌ನಿಂದ ಎಕ್ಸಾಕ್ಟ್‌ಗೆ ತಿರುಗಿಸಿತು. ಅವರಿಗೆ ಆ ಹಕ್ಕಿತ್ತು, ಕಾರಣವೂ ಇತ್ತು: ಒಂದು ವರದಿಗೆ ಕೆಟ್ಟ ಪ್ಲಾನ್ ಬರುತ್ತಿತ್ತು. ಆದರೆ ಅವರ ಅಪ್ಲಿಕೇಶನ್ ಬೈಂಡ್ ವೇರಿಯಬಲ್ ಬಳಸದೆ ಗ್ರಾಹಕರ ಸಂಖ್ಯೆಯನ್ನು ನೇರವಾಗಿ ಎಸ್‌ಕ್ಯೂಎಲ್‌ನಲ್ಲೇ ಬರೆಯುತ್ತಿತ್ತು. ಪ್ರತಿ ಸಂಖ್ಯೆಗೂ ಹೊಸ ಹಾರ್ಡ್ ಪಾರ್ಸ್, ಹೊಸ ಕರ್ಸರ್. ಶೇರ್ಡ್ ಪೂಲ್ ತುಂಬಿ ನೆರೆಯ ಪಿಡಿಬಿಗಳ ಕರ್ಸರ್‌ಗಳು ಹೊರಬಿದ್ದವು. ಏನನ್ನೂ ಮುಟ್ಟದವರು "ನಮ್ದು ಯಾಕೆ ಸರ್ ಇಷ್ಟು ಸ್ಲೋ?" ಎಂದು ಫೋನ್ ಮಾಡತೊಡಗಿದರು. ಪಿಡಿಬಿಗೆ ಇಷ್ಟೇ ಮೆಮೊರಿ ಎಂದು ಮಿತಿ ಹಾಕುವ ಸೌಲಭ್ಯ 12.1ರಲ್ಲಿ ಇರಲಿಲ್ಲ.

ಆಮೇಲೆ ಎಲ್ಲರಿಂದಲೂ ಆಲ್ಟರ್ ಸಿಸ್ಟಂ ಹಕ್ಕನ್ನು ವಾಪಸ್ ಪಡೆದೆವು. ಅದು ಬಿಡಿಬಿಡಿಯಾಗಿ ಕೊಡುವ ಹಕ್ಕಲ್ಲ. ಪ್ಯಾರಾಮೀಟರ್ ಬದಲಿಸುವುದೂ ಸಿಕ್ಕಿಕೊಂಡ ಸೆಷನ್ ಕಿಲ್ ಮಾಡುವುದೂ ಅದರಲ್ಲೇ ಅಡಕ. ಹೀಗಾಗಿ ತಮ್ಮದೇ ಡೇಟಾಬೇಸ್‌ನ ಸೆಷನ್ ಕಿಲ್ ಮಾಡಲೂ ಅವರು ನಡುರಾತ್ರಿ ನಮ್ಮನ್ನು ಎಬ್ಬಿಸಬೇಕಾಯಿತು. ನೆರೆಯವರನ್ನು ಕಾಯಬೇಕಿತ್ತು, ನಿಜ. ಆದರೂ ಯಾರೋ ಒಬ್ಬರು ಮಾಡಿದ್ದಕ್ಕೆ ಎಲ್ಲರ ಕೈ ಕಟ್ಟಿದ್ದು ಅನ್ಯಾಯವೇ.

12.2ರ ಲಾಕ್‌ಡೌನ್ ಪ್ರೊಫೈಲ್ ಈ ಗಂಟನ್ನು ಬಿಡಿಸಿತು. ಆಲ್ಟರ್ ಸಿಸ್ಟಂ ಇರಲಿ, ಅದರೊಳಗಿನ ಸೆಟ್‌ಗೆ, ಅಂದರೆ ಪ್ಯಾರಾಮೀಟರ್ ಬದಲಿಸುವುದಕ್ಕೆ, ಮಾತ್ರ ತಡೆ; ಬೇಕಿದ್ದರೆ ಕರ್ಸರ್ ಶೇರಿಂಗ್ ಒಂದಕ್ಕೇ ತಡೆ. ಬಾಡಿಗೆದಾರನ ಲೋಕಲ್ ಯೂಸರ್‌ಗೆ ಡಿಬಿಎ ರೋಲ್ ಇದ್ದರೂ ಈ ಬೀಗ ತೆಗೆಯಲಾಗದು. ಒಂದು ತೊಡಕು ಉಳಿಯಿತು. ತಡೆ ತಾಗಿದಾಗ ಬರುವುದು ಹಕ್ಕೇ ಇಲ್ಲದಾಗ ಬರುವ ಅದೇ ಒಆರ್‌ಎ-01031. "ಗ್ರಾಂಟ್ ಎಲ್ಲಾ ಇದೆ ಸರ್, ಆದ್ರೂ ಆಗ್ತಿಲ್ಲ" ಎಂದು ಬಾಡಿಗೆದಾರ ತಂಡದ ಹುಡುಗಿಯೊಬ್ಬಳು ಪರದಾಡಿದ್ದಳು. ಅಂದಿನಿಂದ ಲಾಗಿನ್ ಜೊತೆಗೇ ತಡೆಗಳ ಪಟ್ಟಿಯನ್ನೂ ಕಳಿಸುತ್ತೇವೆ.

ಸೆಟ್ ಅನ್ನು ಸಾರಾಸಗಟಾಗಿ ಮುಚ್ಚಿ ನಿಶ್ಚಿಂತರಾಗುವ ಸಹೋದ್ಯೋಗಿಗಳಿದ್ದಾರೆ. ನನಗದು ಒಪ್ಪಿಗೆಯಿಲ್ಲ. ಕರ್ಸರ್ ಶೇರಿಂಗ್, ಸಿಪಿಯು ಕೌಂಟ್‌ನಂಥವು ನೆರೆಮನೆಗೆ ತಾಗುತ್ತವೆ. ಅವಕ್ಕೆ ಬೀಗ ಬೇಕು. ರಿಸೈಕಲ್‌ಬಿನ್ ಆನ್ ಇರಬೇಕೋ ಆಫ್ ಇರಬೇಕೋ ಎಂಬುದನ್ನು ಆ ಪಿಡಿಬಿಯವರೇ ತೀರ್ಮಾನಿಸಲಿ.