ಮೊಲದ ಬಾಂದಗಲ್ಲು

ನಮ್ಮ ಮನ್ಯಾಗ ಮೊಲ ಅದ ಅಂತ ಗೊತ್ತಾದ ಕೂಡ್ಲೆ ಹೆಣ್ಣುಮಕ್ಕಳು ಕೇಳೋ ಮೊದಲನೇ ಪ್ರಶ್ನಿ ಒಂದೇ. "ಮನಿತುಂಬ ಉಚ್ಚಿ ಹೊಯ್ಯಂಗಿಲ್ಲೇನ್ರಿ? ವಾಸನಿ ಹೊಡಿಯಂಗಿಲ್ಲೇನ್ರಿ?" ಈಗ ನಮ್ಮ ನೆಗೆಣ್ಣಿ ಮನಿಗೂ ಒಂದು ಮೊಲ ಬಂದದ. ನಾಕು ತಿಂಗಳ ತನಕ ಭಾಳ ಶಾಣ್ಯಾ ಇತ್ತಂತ, ಈಗ ಸೋಫಾ, ಗಾದಿ, ಪರದೆ ಯಾವುದೂ ಬಿಡವಲ್ತಂತ. ಯಾರಿಗರೆ ಕೊಟ್ಟು ಬಿಡೂಣು ಅನ್ನೋ ಮಾತಿಗೆ ಬಂದಾರ. ಕೊಡೂಕಿಂತ ಮೊದಲ ಇದನ್ನ ಒಮ್ಮೆ ಓದ್ರಿ ಅಂತ ಬರೀಲಿಕ್ಕತ್ತೇನಿ. ಹಿಂತಾದ್ದ ನಮ್ಮ ಮನ್ಯಾಗೂ ಆಗಿತ್ತು, ನಾವು ಅದನ್ನ ದಾಟಿ ಬಂದೇವಿ.

ನಮ್ಮ ಗುಂಡ ಬಂದು ಮೂರು ವರ್ಷ ಆತು. ಮಗಳು ತಂದಿದ್ಲು. ಅಕಿಗೆ ಪುಣೆದಾಗ ನೌಕರಿ ಸಿಕ್ತು, ಮೊಲ ನನ್ನ ಪಾಲಿಗೆ ಉಳೀತು. ಎರಡು ತಿಂಗಳ ಮರಿ ಇದ್ದಾಗ ಪಡಸಾಲಿ ಮೂಲ್ಯಾಗ ಒಂದು ಟ್ರೇ ಇಟ್ರ ತಾನ ಹೋಗಿ ಅದರಾಗ ಕೂಡ್ತಿದ್ದ. ನಾಕೂವರೆ ತಿಂಗಳಾತು ನೋಡ್ರಿ, ಗುಣಾನ ಬದಲಾತು. ಒಂದಿನ ನಮ್ಮ ಮನಿಯವರು ಪೇಪರ್ ಓದ್ಕೋತ ಕೂತಿದ್ರು. ಇವ ಅವರ ಕಾಲ ಸುತ್ತ ಗಿರಕಿ ಹೊಡದ, ಮೂಗಿನ್ಯಾಗ ಸಣ್ಣಾಗಿ ಗುಂಯ್‌ಗುಟ್ಟಿದ, ಒಮ್ಮೆಲೆ ಟಣ್ಣನ ಜಿಗದು ಅವರ ಲುಂಗಿ ಮ್ಯಾಲೆ ಸಿಡಿಸಿ ಓಡಿ ಹೋದ. ಅವತ್ತಿನಿಂದ ಬಾಗಲದ ಮೂಲಿ, ಕಪಾಟದ ಕಾಲು, ಗ್ವಾಡಿ ಬುಡ, ಎಲ್ಲಾ ಕಡೆ ಅವನ ಸಹಿ ಬಿದ್ದುವು.

ಇಲ್ಲೆ ಒಂದು ಮಾತು ತಿಳ್ಕೋಬೇಕು. ಮೊಲ ಟ್ರೇ ಬಿಟ್ಟು ಹೊರಗ ಉಚ್ಚಿ ಮಾಡೂದರಾಗ ಎರಡು ಥರ ಅದ. ಒಂದು, ಎಲ್ಲೆ ಮಾಡಬೇಕಂತ ಇನ್ನೂ ತಿಳಿದೇ ಮಾಡೂದು. ಅದು ಒಂದ ಕಡೆ, ನೆಲದ ಮ್ಯಾಲೆ, ದೊಡ್ಡ ಹೊಂಡದಂಗ ಇರ್ತದ. ಇನ್ನೊಂದು, ಇದು ನನ್ನ ಜಾಗಾ ಅಂತ ಗುರುತು ಹಾಕೂದು. ಅದು ಸ್ವಲ್ಪ ಸ್ವಲ್ಪ, ಅಲ್ಲಲ್ಲೆ, ಎಷ್ಟೋ ಸಲ ಗ್ವಾಡಿಗೆ, ಕುರ್ಚಿ ಕಾಲಿಗೆ ಚಿಮುಕಿಸಿದಂಗ ಇರ್ತದ. ಜೋಡಿಗೆ ಹತ್ತೋ ಹದಿನೈದೋ ಒಣ ಹಿಕ್ಕಿ ಚೆಲ್ಲಿರ್ತಾವ. ಮತ್ತ ಗದ್ದ ತಿಕ್ಕೂದು ಬ್ಯಾರೆ. ಮೊಲದ ಗದ್ದದ ಕೆಳಗ ವಾಸನಿ ಬಿಡೋ ಗ್ರಂಥಿ ಇರ್ತಾವ. ನಮ್ಮ ಮೂಗಿಗೆ ಅದು ಹತ್ತಂಗಿಲ್ಲ, ಇನ್ನೊಂದು ಮೊಲಕ್ಕ ಮಾತ್ರ ಭೇಷ್ ತಿಳೀತದ. ಗದ್ದ ತಿಕ್ಕಿದ್ರ ನಮಗೇನೂ ತ್ರಾಸಿಲ್ಲ, ತಿಕ್ಕಲಿ ಬಿಡ್ರಿ. ತ್ರಾಸು ಇರೂದು ಉಚ್ಚೀದ.

ಇದು ಶುರು ಆಗೂದು ಮೊಲ ಪ್ರಾಯಕ್ಕ ಬಂದಾಗ. ಸಣ್ಣ ಜಾತಿ ಇದ್ರ ಮೂರೂವರೆ ನಾಕು ತಿಂಗಳಿಗೆ, ದೊಡ್ಡ ಜಾತಿ ಇದ್ರ ಐದು ಆರು ತಿಂಗಳಿಗೆ. ಗಂಡು ಜಾಸ್ತಿ ಮಾಡ್ತಾವ, ಆದ್ರ ಹೆಣ್ಣು ಮಾಡಂಗಿಲ್ಲ ಅಂತಲ್ಲ. ನೆಗೆಣ್ಣಿ ಮನಿ ಮೊಲ ನಾಕು ತಿಂಗಳಿಗೆ ಕೆಟ್ಟಿಲ್ಲ, ದೊಡ್ಡದಾಗೇದ, ಅಷ್ಟ.

ನಮ್ಮ ಮನ್ಯಾಗ ಖರೇ ಪೆಟ್ಟು ಬಿದ್ದದ್ದು ಕೌದಿ ಮ್ಯಾಲೆ. ನಮ್ಮತ್ತಿಯವರು ಎರಡು ತಿಂಗಳು ಬೆಳಗಾವಿಗೆ, ನಮ್ಮ ಭಾವನವರ ಕಡೆ ಹೋಗಿದ್ರು. ವಾಪಸ್ ಬಂದ ಎರಡನೇ ದಿನಾನ ಗುಂಡ ಅವರ ಹಾಸಿಗಿ ಏರಿ, ಮಡಿಚಿಟ್ಟ ಕೌದಿ ಮ್ಯಾಲೆ ಹೊಯ್ದ. ಆ ಕೌದಿ ಅವರ ಅವ್ವ ಹೊಲದದ್ದು. ಅವ್ವ ಉಟ್ಟು ಹಳೇದಾದ ಇಳಕಲ್ ಸೀರಿ ಒಳಗ ಹಾಕಿ, ಕೈಯಿಂದ ಹೊಲಿಗಿ ಹಾಕಿದ್ದು. ಅವ್ವ ಹೋಗಿ ಮೂವತ್ತು ವರ್ಷ ಆಗೇದ. ಅತ್ತಿಯವರು ಬೈಲಿಲ್ಲ, ಒದರ್ಯಾಡಲಿಲ್ಲ. ಕೌದಿ ಕೈಯಾಗ ಹಿಡಕೊಂಡು ಸುಮ್ನ ಕೂತ್ರು. ರಾತ್ರಿ ಒಂದ ರೊಟ್ಟಿ ತಿಂದು ಎದ್ರು. ಬೈದಿದ್ರ ಎಷ್ಟೋ ಚೊಲೊ ಇತ್ತು ಅನಸ್ತು ನನಗ.

ಮರುದಿನ ಮೈದುನ ಬಂದು, "ವೈನಿ, ಅದನ್ನೊಯ್ದು ಅಡವ್ಯಾಗ ಬಿಟ್ಟು ಬರ್ತೇನಿ, ಹುಲ್ಲು ತಿಂದು ಇರ್ತದ" ಅಂದ. ಅದು ಮಾತ್ರ ಆಗೂ ಮಾತಲ್ಲ. ನಮ್ಮ ಹೊಲದಾಗ, ಗುಡ್ಡದಾಗ ಕಾಣೋ ಕಂದು ಮೊಲ ಬ್ಯಾರೆ ಜಾತಿ. ಅದು ಬಿಲಾ ತೋಡಂಗಿಲ್ಲ, ಹುಲ್ಲಿನ್ಯಾಗ ಅಡಗಿ ಕೂತು ಓಟದ ಮ್ಯಾಲೆ ಬದುಕ್ತದ. 1972ರ ವನ್ಯಜೀವಿ ಕಾಯ್ದೆ ಪ್ರಕಾರ ಅದನ್ನ ಹಿಡದು ಸಾಕೂ ಹಂಗೂ ಇಲ್ಲ. ಮನ್ಯಾಗ ಸಾಕೋ ಮೊಲ ಎಲ್ಲಾ ಸ್ಪೇನ್, ಪೋರ್ಚುಗಲ್ ಕಡೆಯ ಬಿಲದ ಮೊಲದ ವಂಶ. ಬೆಳ್ಳಗ ಹತ್ತಿ ಉಂಡಿಯಂಗ ಇರೋದನ್ನ ನಮ್ಮ ಅಡವ್ಯಾಗ ಬಿಟ್ರ ಒಂದು ರಾತ್ರಿ ಕಳಿಯೂದೂ ಕಷ್ಟ. ಬಿಟ್ಟು ಬರೂದು ಅಂದ್ರ ನಾಯಿ ಬಾಯಾಗ ಕೊಟ್ಟು ಬರೂದು.

ನಾನು ಗುಂಡನ್ನ ಬುಟ್ಟ್ಯಾಗ ಹಾಕೊಂಡು ಹುಬ್ಬಳ್ಳಿಗೆ, ಮೊಲ ನೋಡೋ ರೂಢಿ ಇದ್ದ ಒಬ್ಬ ಪಶುವೈದ್ಯರ ಕಡೆ ಹೋದೆ. ಅವರು ಹೇಳಿದ್ದು ಹಿಂಗ. ಬಿಲದ ಮೊಲಗಳು ಗುಂಪಿನ್ಯಾಗ ಇರ್ತಾವ. ಗುಂಪಿಗೊಂದು ಜಾಗಾ, ಆ ಜಾಗಾಕ್ಕ ಒಂದು ವಾಸನಿ. ಹೊಸಾ ವಾಸನಿ ಬಂತಂದ್ರ ಅದರ ಮ್ಯಾಲೆ ತಮ್ಮ ವಾಸನಿ ಹಾಕ್ತಾವ. ತಮ್ಮ ಗುಂಪಿನ ಮೊಲಗಳ ಮ್ಯಾಲೂ ಹಾಕ್ತಾವ, ಇದು ನಮ್ಮದು ಅಂತ. ನಮ್ಮ ಮನಿಯವರ ಲುಂಗಿಗೆ ಬಿದ್ದದ್ದು ಸಿಟ್ಟಿಂದಲ್ಲ, ಒಂಥರಾ ಪ್ರೀತಿ ಅದು. ಕೌದಿದೂ ಹಂಗ. ಎರಡು ತಿಂಗಳು ಮನ್ಯಾಗ ಇಲ್ಲದ ವಾಸನಿ ಒಮ್ಮೆಲೆ ಬಂತು. ಮೆತ್ತಗ ಇರೋದು, ಮನಷ್ಯಾರ ವಾಸನಿ ಗಟ್ಟಿಯಾಗಿ ಕೂತದ್ದು ಅಂದ್ರ ಹಾಸಿಗೀನ.

ಮನಿಗೆ ಬಂದು ಇದನ್ನ ಅತ್ತಿಯವರಿಗೆ ಹೇಳಿದೆ. ಅವರ ತವರುಮನಿ ನವಲಗುಂದದ ಕಡೆ, ಎರಿ ಹೊಲದ ಮನಿತನ. ಎಲ್ಲಾ ಕೇಳಿ ಒಂದು ಮಾತು ಅಂದ್ರು. "ಅಂದ್ರ ಬಾಂದಗಲ್ಲು ನೆಡ್ಲಿಕ್ಕತ್ತದ ಅನ್ನು. ನಮ್ಮ ಕಾಕಾಗೋಳು ಒಂದು ಗೇಣು ಬಾಂದದ ಸಲುವಾಗಿ ಹತ್ತು ವರ್ಷ ಕೋರ್ಟಿಗೆ ಅಡ್ಡ್ಯಾಡಿದ್ರು. ಇದು ಮೂಕ ಪ್ರಾಣಿ, ಇದಕ್ಕ ಗೊತ್ತಿದ್ದ ರೀತಿಲೆ ನೆಡ್ತದ." ಆಪರೇಷನ್ ಮಾಡಸಬೇಕಂತಾರ, ಪಾಪ ಅಲ್ಲೇನು ಅಂತ ನಾನು ಅನುಮಾನ ಮಾಡಿದ್ರ, "ಹೋರಿನ್ನ ಎತ್ತು ಮಾಡಂಗಿಲ್ಲೇನು? ಅಡವ್ಯಾಗ ಬಿಟ್ಟು ಸಾಯಿಸೂದು ಪಾಪ" ಅಂದ್ರು. ಕೌದಿ ಅವರದು, ತೀರ್ಮಾನಾನೂ ಅವರ ಮಾಡಿದ್ರು.

ಆಪರೇಷನ್ ಬಗ್ಗೆ ತಿಳ್ಕೊಂಡಿರಬೇಕಾದ್ದು ಇಷ್ಟು. ಮೊಲ ವಾಂತಿ ಮಾಡಂಗಿಲ್ಲ, ಅದಕ್ಕ ನಾಯಿ ಬೆಕ್ಕಿನಂಗ ಮೊದಲ ಉಪವಾಸ ಕೆಡವೂದು ಬೇಕಾಗಂಗಿಲ್ಲ. ಉಪವಾಸ ಇದ್ರನ ಅದಕ್ಕ ಧೋಕಾ. ಮೊಲ ನೋಡಿ ರೂಢಿ ಇದ್ದ ಡಾಕ್ಟರ್ ಕಡೇನ ಒಯ್ಯಬೇಕು, ಎಷ್ಟು ಮೊಲಕ್ಕ ಮಾಡೀರಿ ಅಂತ ಸಂಕೋಚ ಇಲ್ಲದ ಕೇಳಬೇಕು. ಮನಿಗೆ ಬಂದ ಮ್ಯಾಲೆ ಅವತ್ತ ತಿನ್ನಲಿಕ್ಕೆ ಶುರು ಮಾಡ್ತದೋ ಇಲ್ಲೋ ನೋಡ್ಕೋಬೇಕು. ಗಂಡು ಮೊಲದ ಮೈಯಾಗಿನ ಹಾರ್ಮೋನು ಇಳೀಲಿಕ್ಕೆ ನಾಕರಿಂದ ಆರು ವಾರ ಬೇಕು. ಮರುದಿನಾನ ಎಲ್ಲಾ ನಿಲ್ತದ ಅಂತ ಕಾಯಬ್ಯಾಡ್ರಿ. ಆ ಆರು ವಾರದಾಗ ಹೆಣ್ಣು ಮೊಲದ ಜೋಡಿ ಬಿಟ್ರ ಮರಿನೂ ಆಗಬಹುದು. ಒಂದು ತಿಂಗಳಿಗೆ ಈಯ್ತಾವ, ಈದ ದಿನಾನ ಮತ್ತ ಗಬ್ಬ ಆಗಬಹುದು, ನೆನಪಿರಲಿ. ಹೆಣ್ಣು ಮೊಲಕ್ಕೂ ಆಪರೇಷನ್ ಮಾಡಸೂದು ಚೊಲೊ. ಮಾಡಸಲಾರದ ಹೆಣ್ಣು ಮೊಲಗಳಿಗೆ ವಯಸ್ಸಾದಂಗ ಗರ್ಭಕೋಶದ ಕ್ಯಾನ್ಸರ್ ಭಾಳ ಬರ್ತದ.

ಆಪರೇಷನ್ ಅರ್ಧಾ ಕೆಲಸ, ಉಳಿದರ್ಧಾ ನಮ್ಮ ಕೈಯಾಗ ಅದ.

ಟ್ರೇ ದೊಡ್ಡದಿರಬೇಕು, ಮೊಲ ಅದರಾಗ ಆರಾಮ ತಿರುಗಿ ಕೂಡಬೇಕು. ನಮ್ಮದು ಎರಡು ಫೂಟು ಉದ್ದ, ಒಂದೂವರೆ ಫೂಟು ಅಗಲ ಅದ. ಕೆಳಗ ಹಳೇ ಪೇಪರು ದಪ್ಪಗ ಹಾಸಿ, ಮ್ಯಾಲೆ ಒಣಹುಲ್ಲು ಹಾಕ್ತೇನಿ. ಒಂದು ತುದಿಗೆ ತಿನ್ನೂ ಹುಲ್ಲು ಇಡ್ತೇನಿ, ಯಾಕಂದ್ರ ಮೊಲ ತಿನ್ಕೋತ ಹಿಕ್ಕಿ ಹಾಕೋ ಪ್ರಾಣಿ. ನಮಗ ಹೇಸಿಗಿ ಅನಸ್ತದ, ಅದಕ್ಕ ಅದು ಸರಳ. ಬೆಕ್ಕಿಗೆ ಹಾಕೋ ಗಟ್ಟಿ ಉಂಡಿ ಆಗೋ ಮಣ್ಣು ಹಾಕಬ್ಯಾಡ್ರಿ, ತಿಂದ್ರ ಹೊಟ್ಟ್ಯಾಗ ಕೂಡ್ತದ. ಪೈನ್, ದೇವದಾರು ಕಟಗಿ ಹೊಟ್ಟೂ ಬ್ಯಾಡ. ದಿನಾ ಪೇಪರ್ ತಗೀವಾಗ ನಾಕು ಹಿಕ್ಕಿ, ಒಂದು ತುಂಡು ತೊಯ್ದ ಪೇಪರ್ ಅದರಾಗ ಬಿಡ್ರಿ. ಆ ವಾಸನಿ ಹಿಡಕೊಂಡು ತಿರುಗಿ ಅಲ್ಲೇ ಬರ್ತದ. ಹೊರಗ ಬಿದ್ದ ಹಿಕ್ಕಿ ತಂದು ಟ್ರೇದಾಗ ಹಾಕ್ರಿ. ಯಾವ ಮೂಲ್ಯಾಗ ಮತ್ತ ಮತ್ತ ಹೊಯ್ತದೋ ಆ ಮೂಲ್ಯಾಗ ಇನ್ನೊಂದು ಟ್ರೇ ಇಟ್ಟು ಬಿಡ್ರಿ, ಅದರ ಜೋಡಿ ಹಟ ಮಾಡೂದರಾಗ ಏನೂ ಸಿಗಂಗಿಲ್ಲ.

ಮೊದಲ ಒಂದು ಖೋಲಿ, ಅಲ್ಲೆ ಸರಿಯಾಗಿ ಟ್ರೇ ರೂಢಿ ಆದ ಮ್ಯಾಲೆ ಇನ್ನೊಂದು ಖೋಲಿ. ಒಮ್ಮೆಲೆ ಮನಿತುಂಬ ಬಿಟ್ರ ಬಾಂದಗಲ್ಲೂ ಮನಿತುಂಬ ಬೀಳ್ತಾವ. ಹಾಸಿಗಿ ಮ್ಯಾಲೆ ಕೆಲವು ದಿನ ಕೂಸಿಗೆ ಹಾಸೋ ರಬ್ಬರ್ ಶೀಟು ಹಾಸ್ರಿ. ಹೊಡೀಬ್ಯಾಡ್ರಿ, ಮೂಗು ಒಯ್ದು ಉಚ್ಚ್ಯಾಗ ತಿಕ್ಕಬ್ಯಾಡ್ರಿ. ಯಾಕ ಹೊಡದ್ರು ಅಂತ ಅದಕ್ಕ ತಿಳಿಯಂಗಿಲ್ಲ, ಅಂಜಿಕಿ ಆದ್ರ ಇನ್ನಷ್ಟು ಗುರುತು ಹಾಕ್ತದ. ಮಾಡಲಿಕ್ಕೆ ಬಾಲ ಎತ್ತಿದ್ದು ಕಂಡ್ರ ಒಂದು ಚಪ್ಪಾಳಿ ಹೊಡದು, ಮೆಲ್ಲಕ ಟ್ರೇ ಕಡೆ ದೂಡ್ರಿ. ಟ್ರೇದಾಗ ಮಾಡಿದ್ರ ಎರಡು ಎಸಳು ಕೊತಂಬ್ರಿ ಕೊಡ್ರಿ.

ಇನ್ನ ತೊಳಿಯೂದು. ಮೊಲದ ಉಚ್ಚ್ಯಾಗ ಸುಣ್ಣದಂಶ ಭಾಳ ಇರ್ತದ, ಅದಕ್ಕ ಒಣಗಿದ ಮ್ಯಾಲೆ ಬೆಳ್ಳಗ ಪುಡಿ ಕೂಡ್ತದ. ಅದಕ್ಕ ಬಿಳಿ ವಿನೆಗರ್ ಚೊಲೊ, ಅರ್ಧಾ ವಿನೆಗರ್ ಅರ್ಧಾ ನೀರು. ಅರಬಿ ಇದ್ರ ಮೊದಲ ಒತ್ತಿ ಹೀರಿಸಿ, ತಣ್ಣೀರಾಗ ತಗದು, ವಿನೆಗರ್ ನೀರಾಗ ಅರ್ಧಾ ತಾಸು ನೆನಸಿ, ಆಮ್ಯಾಲೆ ಸೋಪು ಹಾಕಿ ತೊಳೀರಿ. ಬಣ್ಣ ಬಿಡ್ತದೋ ಅಂತ ಮೊದಲ ಒಂದು ಮೂಲಿಗೆ ಹಚ್ಚಿ ನೋಡ್ರಿ. ಕೌದಿನೂ ಹಂಗ ತೊಳದು, ಹಿಂಡದ, ಎರಡು ದಿನ ಬಿಸಲಿಗೆ ಹರವಿದೆ. ವಾಸನಿ ಪೂರಾ ಹೋತು. ಆದ್ರ ನೆಲ ಶಹಾಬಾದ್ ಫರ್ಸಿದು, ಇಲ್ಲಾ ಸಂಗಮರವರಿ ಕಲ್ಲಿಂದು ಇದ್ರ ವಿನೆಗರ್ ಮುಟ್ಟಿಸಬ್ಯಾಡ್ರಿ. ಅವೂ ಸುಣ್ಣದ ಜಾತಿ ಕಲ್ಲು, ಹೊಳಪು ಹೋಗಿ ಕಲಿ ಬೀಳ್ತದ. ಅಲ್ಲೆ ಸೋಪಿನ ನೀರು ಸಾಕು. ಉಚ್ಚಿ ಮ್ಯಾಲೆ ಬ್ಲೀಚಿಂಗ್ ಪೌಡರ್ ಅಂತೂ ಸುರೀಲೇಬ್ಯಾಡ್ರಿ. ವಿನೆಗರ್ ಜೋಡಿ ಅದನ್ನ ಕೂಡಿಸಲೂ ಬ್ಯಾಡ್ರಿ. ಎರಡರಿಂದಲೂ ವಿಷದ ಗಾಳಿ ಏಳ್ತದ, ಸಣ್ಣ ಬಚ್ಚಲದಾಗ ಉಸರು ಕಟ್ಟಿಸ್ತದ.

ಎಲ್ಲಾನೂ ಗುರುತು ಹಾಕೂದ ಅಂತ ಸುಮ್ನ ಕೂಡಬಾರದು. ಟ್ರೇ ರೂಢಿ ಇದ್ದ ಮೊಲ ಒಮ್ಮೆಲೆ ಹೊರಗ ಮಾಡಲಿಕ್ಕತ್ರ, ತಿಣುಕಿದ್ರ, ಗಳಿಗಿಗೊಮ್ಮೆ ಹನಿ ಹನಿ ಹೊಯ್ದ್ರ, ಉಚ್ಚಿ ಸುಣ್ಣದ ಕೆಸರಿನಂಗ ದಪ್ಪಗ ಬಂದ್ರ, ಹಿಂಗಾಲು ಯಾವಾಗಲೂ ತೊಯ್ದಿದ್ರ ಅದು ಬ್ಯಾನಿ. ವಯಸ್ಸಾದ ಮೊಲಕ್ಕ ಸಂದು ಹಿಡದು ಟ್ರೇ ಅಂಚು ದಾಟಲಿಕ್ಕೂ ಆಗವಲ್ತು ಅಂತಿರಬಹುದು. ಕೆಂಪು ಬಂತಂತ ಮಾತ್ರ ಎದಿ ಒಡಕೋಬ್ಯಾಡ್ರಿ. ಕೆಲವು ಪಲ್ಯ ತಿಂದ್ರ ಮೊಲದ ಉಚ್ಚಿ ಹಳದಿಯಿಂದ ಕೆಂಪಿನ ತನಕ ಯಾವ ಬಣ್ಣಾನೂ ಬರ್ತದ. ಆದ್ರ ಅದು ರಕ್ತ ಹೌದೋ ಅಲ್ಲೋ ಡಾಕ್ಟರ ಪರೀಕ್ಷಾ ಮಾಡಿ ಹೇಳಬೇಕು. ಮತ್ತ ಹನ್ನೆರಡು ತಾಸು ಏನೂ ತಿನ್ನಲಿಲ್ಲ, ಹಿಕ್ಕಿ ಹಾಕಲಿಲ್ಲ ಅಂದ್ರ ಮುಂಜಾನೆ ನೋಡೂಣು ಅನಬ್ಯಾಡ್ರಿ, ಆಗಿಂದಾಗ ಒಯ್ರಿ.

ಗುಂಡನ ಆಪರೇಷನ್ ಆಗಿ ಐದನೇ ವಾರಕ್ಕ ಗ್ವಾಡಿಗೆ ಸಿಡಿಸೂದು ನಿಂತ್ತು. ಎಲ್ಲಾ ಮೊಲಕ್ಕೂ ಹಿಂಗ ಆಗ್ತದ ಅಂತ ಬರದು ಕೊಡಲಿಕ್ಕೆ ಬರಂಗಿಲ್ಲ, ವರ್ಷಾನುಗಟ್ಟಲೆ ರೂಢಿ ಆಗಿದ್ರ ತಡಾ ಆಗ್ತದ. ಆದ್ರ ಹೆಚ್ಚಿನ ಮೊಲ ಸುಧಾರಸ್ತಾವ. ಅತ್ತಿಯವರ ಕೌದಿ ಈಗ ಅವರ ಕಾಲಬುಡಕ್ಕ ಇರ್ತದ. ಗುಂಡ ಅದರ ಬಾಜೂ ಉದ್ದಕ ಕಾಲು ಚಾಚಿ ಮಲಗಿರ್ತಾನ. ಸಂಜಿಮುಂದ ಅವರು ಹಿತ್ತಲದಾಗಿನ ಕರಕಿ ಕಿತ್ತು ತಂದು ಮೊದಲ ಗಣಪ್ಪಗ ಏರಸ್ತಾರ, ಉಳಿದದ್ದು ಇವನ ಪಾಲು.

ಪೂರಾ ಬಿಟ್ಟಾನ ಅಂತೇನಲ್ಲ. ದೀಪಾವಳಿಗೆ ಮಗಳು ಬಂದಾಗ ಅಕಿ ಬ್ಯಾಗು ಪಡಸಾಲ್ಯಾಗ ಇಟ್ಟಿದ್ಲು. ಗುಂಡ ಸುತ್ತಾಡಿ, ನಾಕೂ ಮೂಲಿಗೆ ಗದ್ದ ತಿಕ್ಕಿ, ಬಾಜೂಕ ಹತ್ತು ಹಿಕ್ಕಿ ಎಣಿಸಿಟ್ಟಂಗ ಇಟ್ಟು ಹೋದ. ಮಗಳು ಮಾರಿ ಕಿವುಚಿದ್ಲು. ಅತ್ತಿಯವರು ನಕ್ಕು, "ಖುಷಿಪಡವಾ, ನಿನ್ನ ಹೆಸರೂ ಉತಾರದಾಗ ಹಚ್ಚಿಕೊಂಡ" ಅಂದ್ರು. ಒಣ ಹಿಕ್ಕಿ, ಕಸಬರಿಗಿಲೆ ಗುಡಿಸಿದ್ರ ಮುಗೀತು. ಆ ಗುಡಿಸಿದ್ದೂ ಹಿತ್ತಲದ ಬದನಿ ಗಿಡಕ್ಕ ಭಾಳ ಚೊಲೊ ಗೊಬ್ಬರ ಆಗ್ತದ.