ಮೆತ್ತನೆಯ ಕಣ್ಣು

ತೆಂಗಿನಕಾಯಿಗೆ ಮೂರು ಕಣ್ಣುಗಳುಂಟೆಂದು ನಮ್ಮ ನಾಡಿನ ಮಕ್ಕಳಿಗೆ ಯಾರೂ ಕಲಿಸಬೇಕಾಗಿಲ್ಲ. ಅವುಗಳಲ್ಲಿ ಎರಡು ಗಟ್ಟಿ, ಒಂದು ಮೆತ್ತಗೆ ಎಂಬುದನ್ನೂ ಅವರು ಮೊಳೆಯಿಂದ ಚುಚ್ಚಿ, ನೀರು ಹೀರಿ, ತಾವೇ ಕಂಡುಕೊಂಡಿರುತ್ತಾರೆ. ಆದರೆ ಆ ಮೆತ್ತನೆಯ ಕಣ್ಣಿನ ಹಿಂದೆ, ಬಿಳಿಯ ತಿರುಳಿನಲ್ಲಿ ಹುದುಗಿಕೊಂಡು, ಮುಂದೆ ಅರುವತ್ತು ಅಡಿ ಏರಬೇಕಾದ ಮರವೊಂದು ಕಡಲೆಕಾಳಿನಷ್ಟಾಗಿ ಮಲಗಿರುವುದೆಂಬುದು ನಮಗೆ ತಿಳಿದುದು ಪ್ರಯೋಗಾಲಯದ ಸಹಾಯಕರಾಗಿ ಸೇರಿದ ಮೇಲೆಯೇ.

ನಾಯ್ಮಾರ್ಮೂಲೆಯಲ್ಲಿ ನಮ್ಮನ್ನು ಕಂಡವರು, "ತಮಗೆ ಅಲ್ಲಿ ಏನು ಕೆಲಸ?" ಎಂದು ಕೇಳುವುದುಂಟು. "ಕಾಯಿ ಒಡೆಯುವುದು, ಸೀಸೆ ತೊಳೆಯುವುದು" ಎಂದರೆ ನಗುತ್ತಾರೆ. ಉತ್ತರ ಸುಳ್ಳಲ್ಲ. ಬಲಿತ ಕಾಯಿಯನ್ನು ಒಡೆದು, ಉಕ್ಕಿನ ಕೊಳವೆಯಿಂದ ಕಣ್ಣಿನ ಭಾಗದ ತಿರುಳನ್ನು ಕೊರೆದು ತೆಗೆಯಬೇಕು. ಅದರೊಳಗಿನ ಭ್ರೂಣವನ್ನು ಗಾಯವಾಗದಂತೆ ಬಿಡಿಸಿ, ಕ್ಲೋರಿನ್ ದ್ರಾವಣದಲ್ಲಿ ಶುದ್ಧಿಗೊಳಿಸಿ, ಕುದಿಸಿ ಆರಿಸಿದ ನೀರಿನಲ್ಲಿ ಮೂರು ಬಾರಿ ತೊಳೆದು, ಗಾಜಿನ ನಳಿಕೆಯೊಳಗೆ ಇರಿಸಬೇಕು. ಆ ನಳಿಕೆಯಲ್ಲಿ ಲವಣಗಳೂ ಲೀಟರಿಗೆ 60 ಗ್ರಾಂನಷ್ಟು ಸಕ್ಕರೆಯೂ ಅಗರ್ ಎಂಬ ಅಂಟೂ ಸ್ವಲ್ಪ ಇದ್ದಿಲ ಪುಡಿಯೂ ಇರುತ್ತವೆ. ಗಾಯಗೊಂಡ ತೆಂಗಿನ ಜೀವಾಂಶವು ಕಂದು ಬಣ್ಣದ ಒಂದು ರಸವನ್ನು ಸ್ರವಿಸಿ ತನ್ನನ್ನೇ ಕೆಡಿಸಿಕೊಳ್ಳುತ್ತದೆ. ಇದ್ದಿಲು ಅದನ್ನು ಹೀರಿಕೊಳ್ಳುತ್ತದೆ. ಬಳಿಕ ಸುಮಾರು ಎರಡು ತಿಂಗಳು ಕತ್ತಲೆಯಲ್ಲಿ ಕಾಯಬೇಕು.

ಇಷ್ಟೆಲ್ಲ ಏಕೆ, ಕಾಯಿಯನ್ನೇ ಮಣ್ಣಿನಲ್ಲಿಟ್ಟರಾಗದೆ ಎಂದು ಕೇಳಬಹುದು. ಊರಿನ ಕಾಯಿಗಾದರೆ ಆದೀತು. ಆದರೆ ದೂರದ ದ್ವೀಪಗಳ ತಳಿಯನ್ನು ತರಬೇಕಾದರೆ ಮೂಟೆ ಮೂಟೆ ಕಾಯಿ ಹೊರಬೇಕು. ಕಾಯಿಯೊಡನೆ ರೋಗಕೀಟಗಳೂ ಬರುವ ಭಯವಿದೆ. ಭ್ರೂಣಗಳಾದರೆ ನೂರಾರು ಒಂದು ಪೆಟ್ಟಿಗೆಯಲ್ಲಿ ಬರುತ್ತವೆ. ಈ ವಿದ್ಯೆಯ ಕಥೆಯೂ ಸ್ವಾರಸ್ಯವುಳ್ಳದ್ದು. 1941ರಲ್ಲಿ ಅಮೆರಿಕದ ವಿಜ್ಞಾನಿಗಳು ಉಮ್ಮತ್ತಿಯ ಎಳೆಯ ಭ್ರೂಣಗಳನ್ನು ತೆಂಗಿನ ನೀರು ಬೆರೆಸಿದ ಆಹಾರದಲ್ಲಿ ಬೆಳೆಸಿದರು. ತೆಂಗಿನ ಭ್ರೂಣವನ್ನೇ ಸೀಸೆಯಲ್ಲಿ ಬೆಳೆಸುವ ಕಟರ್ ಮತ್ತು ವಿಲ್ಸನ್ ಅವರ ಪ್ರಯತ್ನ ಪ್ರಕಟವಾದುದು 1954ರಲ್ಲಿ. ಪರರ ಮಕ್ಕಳಿಗೆ ಹಾಲೂಡಿದ ತಾಯಿಯ ಸ್ವಂತ ಮಗುವಿನ ಸರದಿ ಆಮೇಲೆ ಬಂದಿತು! ನಮ್ಮ ಕಾಸರಗೋಡಿಗಂತೂ ತೆಂಗಿನ ಸಂಶೋಧನೆ 1916ರಷ್ಟು ಹಳೆಯದು. ಅಂದಿನ ಕೇಂದ್ರವೇ 1970ರಲ್ಲಿ ಕೇಂದ್ರೀಯ ತೋಟ ಬೆಳೆಗಳ ಸಂಶೋಧನಾ ಸಂಸ್ಥೆಯಾಯಿತು.

ಇನ್ನು ನಮ್ಮ ತಪ್ಪಿನ ಕಥೆ. 2022ರಲ್ಲಿ ಹೆದ್ದಾರಿಯನ್ನು ಅಗಲಗೊಳಿಸುವ ಕೆಲಸಕ್ಕಾಗಿ ನೆರೆಮನೆಯ ಅಜ್ಜಿಯ ತೆಂಗಿನ ಮರವೊಂದು ಉರುಳಬೇಕಾಯಿತು. ಅದನ್ನು ಅವರ ಅತ್ತೆ ನೆಟ್ಟಿದ್ದರಂತೆ. ಕೊನೆಯ ಗೊನೆಯಲ್ಲಿ ಅರ್ಧವನ್ನು ಅಜ್ಜಿ ಹೊಯಿಗೆಯಲ್ಲಿ ಹುಗಿದರು. ಉಳಿದ ಹತ್ತು ಕಾಯಿಗಳನ್ನು, "ನಿಮ್ಮ ಸೀಸೆಯಲ್ಲಿ ಬೆಳೆಯಲಿ ಮಗಾ" ಎಂದು ನಮಗೆ ಕೊಟ್ಟರು. ಇದ್ದಿಲು ಎಷ್ಟು ಬೇಕೆಂಬ ಪರೀಕ್ಷೆಯೊಂದನ್ನು ನಮ್ಮ ವಿಜ್ಞಾನಿಗಳು ಆಗ ನಡೆಸುತ್ತಿದ್ದರು. ಅವರ ಒಪ್ಪಿಗೆಯಿಂದ ಐದು ಭ್ರೂಣಗಳನ್ನು ಹೆಚ್ಚು ಇದ್ದಿಲಿನಲ್ಲಿ, ಐದನ್ನು ಕಡಿಮೆ ಇದ್ದಿಲಿನಲ್ಲಿ ಇರಿಸಿದೆವು. ಎರಡನೆಯ ಐದರ ಸರದಿ ಬಂದಾಗ ಸಂಜೆಯಾಗಿತ್ತು. ಬಸ್ಸು ತಪ್ಪೀತೆಂಬ ಅವಸರ. ಮೂರು ಬಾರಿ ತೊಳೆಯಬೇಕಾದುದನ್ನು ಒಂದೇ ಬಾರಿ ತೊಳೆದೆವು. ನೋಟುಪುಸ್ತಕದಲ್ಲಿ ಮಾತ್ರ ಎಂದಿನಂತೆ "ಮೂರು ಬಾರಿ" ಎಂದೇ ಬರೆದೆವು.

ಎರಡು ವಾರಗಳಲ್ಲಿ ಆ ಐದೂ ಕಂದಿ ಸತ್ತವು. ವಿಜ್ಞಾನಿಗಳು ನೋಡಿ, "ಇದ್ದಿಲು ಸಾಲದು ಎಂದಾಯಿತು" ಎಂದರು. ಉಳಿದ ಕ್ಲೋರಿನ್ನಿನಿಂದಲೇ ಹಾಗಾಗಿರಬಹುದೆಂದು ನಮ್ಮ ನಾಲಗೆಯ ತುದಿಗೆ ಬಂದಿತು, ಹೊರಗೆ ಬರಲಿಲ್ಲ. ಎರಡು ರಾತ್ರಿ ನಿದ್ದೆಯಿಲ್ಲ. ಬೈಗುಳದ ಭಯಕ್ಕಿಂತ ಮಿಗಿಲಾಗಿ, ನಮ್ಮ ಒಂದು ಬಸ್ಸಿನ ಅವಸರ ನಾಳೆ ವಿಜ್ಞಾನದ ಒಂದು ವಾಕ್ಯವಾಗಿಬಿಡುವುದಲ್ಲ ಎಂಬುದು ನಮ್ಮನ್ನು ಕಾಡಿತು. ಮೂರನೆಯ ದಿನ ಹೇಳಿದೆವು. ಅವರು ಬಹಳ ಹೊತ್ತು ಸುಮ್ಮನಿದ್ದರು. ನಾವು ರಬ್ಬರಿಗೆ ಕೈ ಹಾಕಿದಾಗ, "ಅಳಿಸಬೇಡಿ. ಅದರ ಮೇಲೆ ಒಂದು ಗೆರೆ ಎಳೆದು, ನಡೆದುದನ್ನು ಪಕ್ಕದಲ್ಲಿ ಬರೆದು, ಸಹಿ ಹಾಕಿ" ಎಂದರು. ಬೇರೆ ಕಾಯಿಗಳಿಂದ ಆ ಪರೀಕ್ಷೆಯನ್ನು ಮರಳಿ ಮಾಡಿದೆವು. ಕಡಿಮೆ ಇದ್ದಿಲಿನಲ್ಲಿಯೂ ಭ್ರೂಣಗಳು ಬೆಳ್ಳಗೆ ಉಳಿದು ಮೊಳೆತವು.

ಅಜ್ಜಿಗೆ ಹೇಳುವ ಧೈರ್ಯ ಬರಲು ನಾಲ್ಕು ತಿಂಗಳು ಬೇಕಾಯಿತು. ಆ ಹೊತ್ತಿಗೆ ಮರವಿದ್ದ ಜಾಗವನ್ನು ಗುರುತಿಸಲೂ ಆಗುತ್ತಿರಲಿಲ್ಲ. ಕೇಳಿ ಅವರು, "ಅಷ್ಟು ಸಣ್ಣದನ್ನು ತಾಯಿಯ ಹೊಟ್ಟೆಯಿಂದ ತೆಗೆದ ಮೇಲೆ ಅವಸರ ಮಾಡಬಾರದಿತ್ತು ಮಗಾ" ಎಂದಷ್ಟೇ ಹೇಳಿ, ಹಿತ್ತಿಲಿಗೆ ಕರೆದೊಯ್ದರು. ಹೊಯಿಗೆಯಲ್ಲಿ ಕೆಲವು ಕಾಯಿಗಳು ಮೊಳೆತಿದ್ದವು. ನಾವು ಸಕ್ಕರೆ ತೂಗಿ, ಲವಣ ಅಳೆದು ಮಾಡುವುದನ್ನು ಆ ಚಿಪ್ಪು ತಾನಾಗಿಯೇ ಮಾಡಿತ್ತು.

ಶಾಲೆಯ ಮಕ್ಕಳು ಪ್ರಯೋಗದ ಪುಸ್ತಕವನ್ನು ಗೆಳೆಯನದನ್ನು ನೋಡಿ ತುಂಬಿಸುವುದುಂಟು, ನಾವೂ ತುಂಬಿಸಿದವರೇ. ಬರಬೇಕಾದ ಉತ್ತರ ಮೊದಲೇ ಗೊತ್ತಿರುವಾಗ ಅದು ಸಣ್ಣ ತಪ್ಪೆಂದು ತೋರುತ್ತದೆ. ಉತ್ತರ ಯಾರಿಗೂ ಗೊತ್ತಿಲ್ಲದ ಕಡೆ ಕೆಲಸ ಮಾಡುವಾಗ ಆ ಪುಸ್ತಕವೊಂದೇ ಸಾಕ್ಷಿ. ನಮ್ಮ ಹೆಸರು ಯಾವ ಸಂಶೋಧನ ಪ್ರಬಂಧದಲ್ಲಿಯೂ ಅಚ್ಚಾಗಿಲ್ಲ. ಗೆರೆ ಎಳೆದ ಆ ಪುಟದ ಅಂಚಿನಲ್ಲಿ ಮಾತ್ರ ಇದೆ. ಅಜ್ಜಿ ಕೊಟ್ಟ ಒಂದು ಸಸಿ ನಮ್ಮ ಅಂಗಳದಲ್ಲಿದೆ. ಅದು ಫಲ ಕೊಡಲು ಇನ್ನೂ ಕೆಲವು ವರ್ಷ ಬೇಕು.